ಗೋಧಿಗೆ ಮೊದಲು ನೆಲ, ಆಮೇಲೆ ಎಲೆ

ಹಿಂಗಾರಿ ಗೋಧಿ ಹೊಡೆ ತುಂಬುವ ಹೊತ್ತಿಗೆ ಗೊಬ್ಬರದಂಗಡಿಗಳ ಕಟ್ಟೆಯ ಮೇಲೆ ಬಣ್ಣಬಣ್ಣದ ಬಾಟಲಿಗಳು ಬಂದು ಕೂರುತ್ತವೆ. ‘ಎಕರೆಗೆ ಒಂದ್ ಬಾಟ್ಲಿ ಹೊಡೀರಿ ಸಾಕು, ಕಾಳು ಮಣಿ ಆದಂಗ ಆಗ್ತಾವು’ ಎನ್ನುವ ಮಾತೂ ಜೊತೆಗೇ ಬರುತ್ತದೆ. ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ ಭಾಗದಲ್ಲಿ ಗೋಧಿ ಬೆಳೆಯುವವರಿಗೆ ಇದು ಹೊಸದೇನಲ್ಲ. ಬಾಟಲಿಯಲ್ಲಿ ಏನೂ ಇಲ್ಲ ಎಂದು ನಾನು ಹೇಳುವುದಿಲ್ಲ. ಎಲೆಗೆ ಕೊಟ್ಟ ಪೋಷಕಾಂಶ ಕೆಲಸ ಮಾಡುತ್ತದೆ, ಕೆಲವು ಸಂದರ್ಭದಲ್ಲಿ ಅದರಷ್ಟು ಚೆನ್ನಾಗಿ ಬೇರೇನೂ ಮಾಡದು. ಆದರೆ ಅದು ಎಷ್ಟು ಮಾಡಬಲ್ಲದು ಎಂಬ ಲೆಕ್ಕ ಮೊದಲು ಕೈಯಲ್ಲಿರಲಿ.

ಶೇ 12 ಪ್ರೋಟೀನ್ ಇರುವ ಒಂದು ಕ್ವಿಂಟಲ್ ಗೋಧಿ ಕಾಳಿನಲ್ಲಿ ಸುಮಾರು 2 ಕಿಲೊ ಸಾರಜನಕ ಇರುತ್ತದೆ. ನೀರಾವರಿಯಲ್ಲಿ ಎಕರೆಗೆ 15 ಕ್ವಿಂಟಲ್ ತೆಗೆದರೆ ಕಾಳಿನಲ್ಲೇ 30 ಕಿಲೊ ಹೊರಟುಹೋಯಿತು, ಹೊಟ್ಟಿನಲ್ಲಿ ಹೋಗುವುದು ಬೇರೆ. ಈಗ ಸಿಂಪರಣೆಯ ಕಡೆ ನೋಡಿ. ಶೇ 2ರ ಯೂರಿಯಾ ದ್ರಾವಣ ಎಂದರೆ 200 ಲೀಟರ್ ನೀರಿಗೆ 4 ಕಿಲೊ ಯೂರಿಯಾ. ಅದರಲ್ಲಿರುವ ಸಾರಜನಕ 2 ಕಿಲೊಗೂ ಕಡಿಮೆ. 19:19:19 ಅನ್ನು ಎಕರೆಗೆ 2 ಕಿಲೊ ಹೊಡೆದರೆ ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ತಲಾ 380 ಗ್ರಾಂ. ನ್ಯಾನೊ ಯೂರಿಯಾದ ಅರ್ಧ ಲೀಟರ್ ಬಾಟಲಿಯಲ್ಲಿ ಮೊದಲು ಇದ್ದದ್ದು 20 ಗ್ರಾಂ ಸಾರಜನಕ. ಸಾಂದ್ರತೆ ಹೆಚ್ಚಿಸಿದ ಮೇಲೂ ಅದು 100 ಗ್ರಾಂ ಆಸುಪಾಸಿನಲ್ಲಿದೆ. 45 ಕಿಲೊ ಯೂರಿಯಾ ಚೀಲದಲ್ಲಿ ಇರುವುದು 20 ಕಿಲೊಗೂ ಮಿಕ್ಕಿ. ಎಲೆಯ ಮೇಲೆ ಬಿದ್ದದ್ದು ನೆಲಕ್ಕೆ ಬಿದ್ದದ್ದಕ್ಕಿಂತ ಎಷ್ಟೇ ಚೆನ್ನಾಗಿ ಒಳಗೆ ಹೋದರೂ ಈ ಅಂತರ ತುಂಬುವುದಿಲ್ಲ. ಸಿಂಪರಣೆ ಹೋಳಿಗೆಯ ಮೇಲಿನ ತುಪ್ಪ. ತಟ್ಟೆಯಲ್ಲಿ ಹೋಳಿಗೆಯೇ ಇಲ್ಲದಿದ್ದರೆ ತುಪ್ಪ ಎಲ್ಲಿ ಸುರಿಯುವುದು?

ನಮ್ಮ ಗೋಧಿಯ ಕಷ್ಟವೇ ಬೇರೆ ಎಂಬುದನ್ನೂ ನೆನಪಿಡಬೇಕು. ಪಂಜಾಬಿನಲ್ಲಿ ಬೆಳೆಗೆ ಐದು ತಿಂಗಳ ತಂಪು ಸಿಗುತ್ತದೆ. ಇಲ್ಲಿ ನವೆಂಬರಿನಲ್ಲಿ ಬಿತ್ತಿದ್ದು ಮೂರೂವರೆ ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ, ಕಾಳು ತುಂಬುವ ಹೊತ್ತಿಗೆ ಫೆಬ್ರುವರಿ ಬಿಸಿಲು ಏರತೊಡಗಿರುತ್ತದೆ. ಬೇರಿಗೆ ಸಿಗುವ ಸಮಯ ಕಡಿಮೆ, ತೆಂಡೆ ಒಡೆಯುವ ಸಮಯ ಕಡಿಮೆ, ಕಾಳು ತುಂಬುವ ಸಮಯ ಇನ್ನೂ ಕಡಿಮೆ. ದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ ಮೂರೂವರೆ ಟನ್‌ ಹತ್ತಿರ ಇದ್ದರೆ ನಮ್ಮದು ಅದರ ಅರ್ಧಕ್ಕೂ ಬರುವುದಿಲ್ಲ. ಮಳೆಯಾಶ್ರಿತ ಎರೆ ಹೊಲಗಳು ಹೆಚ್ಚಿರುವುದೂ ಇದಕ್ಕೆ ಕಾರಣ. ಇಷ್ಟು ಗಡಿಬಿಡಿಯಲ್ಲಿ ಬೆಳೆಯುವ ಪೈರು ಹಸಿದ ಮೇಲೆ ಉಣಿಸೋಣ ಎಂದರೆ ತಡವಾಗಿರುತ್ತದೆ.

ಮಣ್ಣಿನ ಮಾತು ಕೇಳುವುದು

ಮಣ್ಣು ಪರೀಕ್ಷೆ ಮಾಡಿಸಿ ಎಂದು ಎಲ್ಲರೂ ಹೇಳುತ್ತಾರೆ, ಮಾದರಿ ತೆಗೆಯುವ ಬಗೆ ಮಾತ್ರ ಕಡಿಮೆ ಜನ ಹೇಳುತ್ತಾರೆ. ಬದು, ತಿಪ್ಪೆ ಇದ್ದ ಜಾಗ, ಗಿಡದ ನೆರಳು ಬಿಟ್ಟು ಹೊಲದಲ್ಲಿ ಅಡ್ಡಾದಿಡ್ಡಿ ನಡೆದು ಎಂಟು ಹತ್ತು ಕಡೆ ಗುರುತು ಮಾಡಿ. ಮೇಲಿನ ಕಸ ಸರಿಸಿ ಆರು ಇಂಚು ಆಳದ ಇಳಿಜಾರು ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದು ಇಂಚು ದಪ್ಪದ ಮಣ್ಣು ಕೆತ್ತಿಕೊಳ್ಳಿ. ಎಲ್ಲವನ್ನೂ ಕಲಸಿ ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ತೆಗೆದುಹಾಕುತ್ತ ಹೋಗಿ, ಕೊನೆಗೆ ಅರ್ಧ ಕಿಲೊ ಉಳಿಯಬೇಕು. ಖಾಲಿ ಗೊಬ್ಬರದ ಚೀಲದಲ್ಲಿ ಹಾಕಿ ಒಯ್ಯಬೇಡಿ, ಚೀಲದ ಗೊಬ್ಬರವೇ ವರದಿಯಲ್ಲಿ ಬಂದೀತು. ಒಂದೇ ಹೊಲದಲ್ಲಿ ಎರೆಯೂ ಮಸಾರಿಯೂ ಇದ್ದರೆ ಎರಡು ಮಾದರಿ. ಪೈರು ಕುಂಠಿತವಾಗುವ ತುಂಡು ಇದ್ದರೆ ಅದಕ್ಕೇ ಇನ್ನೊಂದು. ರೈತ ಸಂಪರ್ಕ ಕೇಂದ್ರದಲ್ಲಾಗಲಿ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಕೊಡಬಹುದು. ಬೋರ್‌ವೆಲ್ ನೀರು ಹಾಯಿಸುವವರು ಒಂದು ಬಾಟಲಿ ನೀರನ್ನೂ ಕೊಡಿ.

ವರದಿ ಬಂದ ಮೇಲೆ ನೋಡಬೇಕಾದ ಕೆಲವೇ ಅಂಕಿಗಳಿವೆ. ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆ ಇದ್ದರೆ ನೆಲ ಬಡವಾಗಿದೆ. ಸತು 0.6 ಪಿಪಿಎಂ, ಕಬ್ಬಿಣ 4.5, ಗಂಧಕ 10, ಬೋರಾನ್ 0.5 — ಇವುಗಳ ಕೆಳಗೆ ಯಾವುದು ಇಳಿದಿದೆಯೋ ಅದೇ ಕೊರತೆ. ರಸಸಾರ 8.5 ದಾಟಿದರೆ ಕಿವಿ ನಿಮಿರಬೇಕು. 2009ರಲ್ಲಿ ಇಕ್ರಿಸ್ಯಾಟ್ ಜೊತೆ ಸೇರಿ ರಾಜ್ಯ ಸರ್ಕಾರ ಆರಂಭಿಸಿದ ಭೂಚೇತನ ಯೋಜನೆಯಲ್ಲಿ ಜಿಲ್ಲೆ ಜಿಲ್ಲೆಗಳ ಮಣ್ಣು ಪರೀಕ್ಷಿಸಿದಾಗ ಎದ್ದು ಕಂಡದ್ದು ಗಂಧಕ, ಸತು, ಬೋರಾನ್ ಕೊರತೆ. ಡಿಎಪಿ, ಯೂರಿಯಾ ಎರಡನ್ನೇ ವರ್ಷಾನುಗಟ್ಟಲೆ ಸುರಿದ ಹೊಲಗಳಲ್ಲಿ ಬೇರೇನು ಕಾಣಬೇಕಿತ್ತು?

ಸವಳೋ ಕರ್ಲೋ?

ಕೃಷ್ಣಾ, ಮಲಪ್ರಭಾ, ಘಟಪ್ರಭಾ, ತುಂಗಭದ್ರಾ ಅಚ್ಚುಕಟ್ಟುಗಳಲ್ಲಿ ಕಾಲುವೆ ನೀರು ಹರಿದ ಮೇಲೆ ಕೆಟ್ಟ ಎರೆ ಭೂಮಿಯ ಕತೆ ಎಲ್ಲರಿಗೂ ಗೊತ್ತು. ಕೆಟ್ಟ ನೆಲಕ್ಕೆಲ್ಲ ಜಿಪ್ಸಮ್ ಹಾಕಿದರಾಯಿತು ಎಂಬ ನಂಬಿಕೆಯೂ ಗಟ್ಟಿಯಾಗಿದೆ. ಇದು ಅರ್ಧ ಸತ್ಯ.

ನೆಲ ಒಣಗಿದಾಗ ಬದುವಿನ ಮೇಲೆ, ಹೆಂಟೆಗಳ ತಲೆಯ ಮೇಲೆ ಬಿಳಿ ಉಪ್ಪು ಏಳುತ್ತಿದ್ದರೆ ಅದು ಸವಳು. ಅಲ್ಲಿ ಕರಗುವ ಲವಣ ಹೆಚ್ಚಾಗಿದೆ. ಜಿಪ್ಸಮ್ ಕೂಡ ಒಂದು ಲವಣವೇ, ಸುರಿದು ಉಪಯೋಗವಿಲ್ಲ. ಒಳ್ಳೆಯ ನೀರಿನಿಂದ ಉಪ್ಪನ್ನು ತೊಳೆದು ಬಸಿಗಾಲುವೆಯಲ್ಲಿ ಹೊರಗೆ ಕಳಿಸುವುದೊಂದೇ ದಾರಿ. ಬಸಿಗಾಲುವೆ ಇಲ್ಲದೆ ಬರೀ ನೀರು ಬಿಟ್ಟರೆ ಉಪ್ಪು ಇಳಿದಷ್ಟೇ ವೇಗದಲ್ಲಿ ಮತ್ತೆ ಏರುತ್ತದೆ.

ಕರ್ಲು ಭೂಮಿಯ ಲಕ್ಷಣ ಬೇರೆ. ಮಳೆ ಬಿದ್ದರೆ ನೀರು ದಿನಗಟ್ಟಲೆ ನಿಂತು ರಾಡಿಯಾಗಿಯೇ ಇರುತ್ತದೆ. ಒಣಗಿದರೆ ಮೇಲ್ಪದರ ಹೆಪ್ಪುಗಟ್ಟಿ ಮೊಳಕೆ ಮೇಲೇಳುವುದಿಲ್ಲ. ಮಣ್ಣಿನ ಕಣಗಳಿಗೆ ಸೋಡಿಯಂ ಅಂಟಿಕೊಂಡಿರುವುದೇ ಇದಕ್ಕೆ ಕಾರಣ. ಜಿಪ್ಸಮ್‌ನ ಸುಣ್ಣದಂಶ ಆ ಸೋಡಿಯಂ ಅನ್ನು ಹೊರದಬ್ಬಿ ತಾನು ಕೂರುತ್ತದೆ, ಹೊರಬಿದ್ದ ಸೋಡಿಯಂ ನೀರಿನ ಜೊತೆ ಕೆಳಗಿಳಿಯುತ್ತದೆ. ಕಣಗಳು ಮತ್ತೆ ಗುಂಪುಗೂಡಿ ಹೆಂಟೆಯಾಗುತ್ತವೆ, ನೆಲ ಉಸಿರಾಡುತ್ತದೆ.

ಎರಡರಲ್ಲಿ ಯಾವುದು ಎಂದು ಮನೆಯಲ್ಲೇ ಮೊದಲ ಅಂದಾಜು ಮಾಡಬಹುದು. ಗಾಜಿನ ಲೋಟದಲ್ಲಿ ಮಳೆನೀರು ಅಥವಾ ಬ್ಯಾಟರಿಗೆ ಹಾಕುವ ಶುದ್ಧ ನೀರು ತೆಗೆದುಕೊಳ್ಳಿ. ಬೋರ್ ನೀರು ಆಗದು, ಅದರಲ್ಲಿರುವ ಲವಣ ಪರೀಕ್ಷೆಯನ್ನೇ ಕೆಡಿಸುತ್ತದೆ. ಕಡಲೆ ಕಾಳಿನಷ್ಟು ದೊಡ್ಡ ಒಣ ಹೆಂಟೆಯನ್ನು ಮೆಲ್ಲಗೆ ಬಿಟ್ಟು ಲೋಟ ಅಲುಗಿಸದೆ ಇಡಿ. ಎರೆ ಮಣ್ಣಿನ ಹೆಂಟೆ ಕೆಲವೇ ನಿಮಿಷದಲ್ಲಿ ಪುಡಿಪುಡಿಯಾಗಿ ತಳಕ್ಕೆ ಬೀಳುತ್ತದೆ, ಇದಕ್ಕೆ ಹೆದರಬೇಕಿಲ್ಲ. ಆ ಪುಡಿಯ ಸುತ್ತಲಿನ ನೀರನ್ನು ನೋಡಿ. ಎರಡು ತಾಸಾದ ಮೇಲೂ ನೀರು ತಿಳಿಯಾಗಿದ್ದರೆ ಕರ್ಲಿನ ಭಯ ಕಡಿಮೆ. ಹೆಂಟೆಯ ಸುತ್ತ ಹಾಲು ಬೆರೆತಂಥ ಮಬ್ಬು ಎದ್ದು ಹರಡಿ, ಮರುದಿನವೂ ನೀರು ತಿಳಿಯಾಗದೆ ಇದ್ದರೆ ಸೋಡಿಯಂ ಕೈವಾಡ ಇದೆ. ಆಗ ಪ್ರಯೋಗಾಲಯಕ್ಕೆ ಹೋಗಿ ‘ಜಿಪ್ಸಮ್ ಬೇಡಿಕೆ’ ಎಷ್ಟು ಎಂದೇ ಕೇಳಿ ಬರೆಸಿಕೊಳ್ಳಿ. ಕರ್ಲು ಸುಧಾರಿಸಲು ಬೇಕಾಗುವುದು ಟನ್ ಲೆಕ್ಕದ ಜಿಪ್ಸಮ್. ನಾಲ್ಕು ಚೀಲ ಎರಚಿ ನೆಲ ಸುಧಾರಿಸಿತು ಎಂದುಕೊಳ್ಳುವುದು ಬೇಡ. ಸಾಮಾನ್ಯವಾಗಿ ಬೇಡಿಕೆಯ ಅರ್ಧದಷ್ಟನ್ನು ಮೊದಲು ಹಾಕಿಸುತ್ತಾರೆ.

ಹಾಕುವ ಕಾಲ ಮಳೆಗಾಲದ ಮೊದಲು. ಪುಡಿಯನ್ನು ಸಮನಾಗಿ ಹರಡಿ ಮೇಲಿನ ನಾಲ್ಕು ಇಂಚಿನಲ್ಲಿ ಮಾತ್ರ ಬೆರೆಯುವಂತೆ ಕುಂಟೆ ಹೊಡೆಯಿರಿ. ನೇಗಿಲು ಹೊಡೆದು ಆಳಕ್ಕೆ ತಳ್ಳಿದರೆ ಹಾಕಿದ್ದು ತೆಳುವಾಗಿಬಿಡುತ್ತದೆ. ಮಡಿ ಕಟ್ಟಿ ಮಳೆನೀರು ಒಂದೆರಡು ವಾರ ನಿಲ್ಲಿಸಿ, ಆಮೇಲೆ ಬಸಿದು ಹೋಗಲು ಬಿಡಿ. ಆ ಮುಂಗಾರಿಗೆ ಡಯಂಚ ಚೆಲ್ಲಿ ಹೂ ಬಿಡುವ ಮೊದಲು ಮಣ್ಣಿಗೆ ಸೇರಿಸಿದರೆ ಕೆಲಸ ಇನ್ನೂ ಬೇಗ ಆಗುತ್ತದೆ. ಹಿಂಗಾರಿಯ ಗೋಧಿಗೆ ಆಗ ನೆಲ ತಯಾರು.

ಕರ್ಲೂ ಇಲ್ಲ ಸವಳೂ ಇಲ್ಲ, ಗಂಧಕ ಮಾತ್ರ ಕಡಿಮೆ ಎಂದಾದರೆ ಎಕರೆಗೆ 80 ಕಿಲೊ ಆಸುಪಾಸು ಜಿಪ್ಸಮ್ ಸಾಕು. ಇಲ್ಲೊಂದು ಉಳಿತಾಯದ ದಾರಿಯಿದೆ. ರಂಜಕವನ್ನು ಡಿಎಪಿ ಬದಲು ಸಿಂಗಲ್ ಸೂಪರ್ ಫಾಸ್ಫೇಟ್ ರೂಪದಲ್ಲಿ ಕೊಟ್ಟರೆ ಅದರಲ್ಲಿ ಶೇ 11ರಷ್ಟು ಗಂಧಕ ಪುಕ್ಕಟೆ ಸಿಗುತ್ತದೆ. ಎಕರೆಗೆ ಮೂರು ಚೀಲ ಹಾಕಿದವರು ಬೇರೆ ಗಂಧಕ ಕೊಳ್ಳುವ ಅಗತ್ಯವೇ ಇಲ್ಲ. ಗಂಧಕವಿಲ್ಲದೆ ಗೋಧಿಯ ಅಂಟು ಸರಿಯಾಗಿ ಹಿಗ್ಗದು, ಲಟ್ಟಿಸುವಾಗ ಚಪಾತಿ ಹರಿಯುವುದಕ್ಕೆ ಇದೂ ಒಂದು ಕಾರಣ.

ಸುಣ್ಣದ ಬಗ್ಗೆ ಒಂದು ಮಾತು. ಹುಳಿ ಮಣ್ಣಿಗೆ ಸುಣ್ಣ ಬೇಕು ನಿಜ, ಆದರೆ ಅದು ಮಲೆನಾಡು, ಕರಾವಳಿಯ ಮಾತು. ಬಿಳಿ ಸುಣ್ಣದ ಹರಳು ಕಾಲಿಗೆ ಸಿಗುವ ನಮ್ಮ ಎರೆ ಹೊಲಕ್ಕೆ ಸುಣ್ಣ ಸುರಿಯುವುದು ಶುದ್ಧ ನಷ್ಟ. ಇದ್ದ ಕಬ್ಬಿಣ, ಸತುವೂ ಬೇರಿಗೆ ಸಿಗದಂತಾಗುತ್ತದೆ.

ತಿಪ್ಪೆ ಗೊಬ್ಬರ, ಸತು, ತಳಗೊಬ್ಬರ

ಎಕರೆಗೆ 3ರಿಂದ 4 ಟನ್ ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಬಿತ್ತುವುದಕ್ಕೆ ಎರಡು ಮೂರು ವಾರ ಮೊದಲು ಮಣ್ಣಿಗೆ ಸೇರಿಸಬೇಕು. ‘ಕೊಳೆತ’ ಎಂಬ ಮಾತು ಮುಖ್ಯ. ಹಸಿ ಸಗಣಿ, ಅರೆಕೊಳೆತ ಕಸ ಹಾಕಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಪೈರಿನ ಪಾಲಿನ ಸಾರಜನಕವನ್ನೇ ಹಿಡಿದುಕೊಳ್ಳುತ್ತವೆ. ಗೆದ್ದಲು, ಕಳೆ ಬೀಜ ಉಚಿತ. ದನಗಳಿಲ್ಲದ ಮನೆಗಳಲ್ಲಿ ಇಷ್ಟು ಗೊಬ್ಬರ ಎಲ್ಲಿಂದ ತರುವುದು ಎಂಬ ಪ್ರಶ್ನೆ ನ್ಯಾಯವೇ. ಮುಂಗಾರಿಯಲ್ಲಿ ಹೆಸರು ಅಥವಾ ಸೋಯಾ ಬೆಳೆದು ಅದರ ಹೊಟ್ಟು, ಎಲೆ ಸುಡದೆ ಹೊಲದಲ್ಲೇ ಬಿಟ್ಟವರಿಗೆ ಅರ್ಧ ಉತ್ತರ ಸಿಕ್ಕಂತೆ. ಹೆಸರು ಕಿತ್ತ ಹೊಲದ ಗೋಧಿಗೂ ಜೋಳ ಕೊಯ್ದ ಹೊಲದ ಗೋಧಿಗೂ ಇರುವ ಬಣ್ಣದ ವ್ಯತ್ಯಾಸವನ್ನು ರಸ್ತೆಯಿಂದಲೇ ಹೇಳಬಹುದು.

ಸತುವಿಗೆ ಎಕರೆಗೆ 10 ಕಿಲೊ ಸತುವಿನ ಸಲ್ಫೇಟ್. ಶೇ 21 ಸತು ಇರುವ ಹರಳಿನ ಲೆಕ್ಕ ಇದು, ಶೇ 33ರ ಪುಡಿಯಾದರೆ ಸುಮಾರು 6 ಕಿಲೊ. ಪ್ರತಿ ವರ್ಷ ಬೇಡ, ಎರಡು ಮೂರು ವರ್ಷಕ್ಕೊಮ್ಮೆ ಸಾಕು. ಡಿಎಪಿ ಅಥವಾ ಸೂಪರ್ ಫಾಸ್ಫೇಟ್ ಜೊತೆ ಕಲಸಿ ಕೂರಿಗೆಗೆ ಸುರಿಯುವ ಅಭ್ಯಾಸ ಬಿಡಬೇಕು. ರಂಜಕವೂ ಸತುವೂ ಒಂದಕ್ಕೊಂದು ಅಂಟಿಕೊಂಡು ಕರಗದಂತಾಗುತ್ತವೆ, ಎರಡಕ್ಕೂ ಕೊಟ್ಟ ದುಡ್ಡು ಮಣ್ಣುಪಾಲು. ಎರಡು ಮೂರು ಕ್ವಿಂಟಲ್ ಸೋಸಿದ ತಿಪ್ಪೆ ಗೊಬ್ಬರದಲ್ಲಿ ಸತುವನ್ನು ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಮೂರು ನಾಲ್ಕು ವಾರ ಮುಚ್ಚಿಟ್ಟು ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಬೋರಾನ್ ಕೊರತೆ ವರದಿಯಲ್ಲಿ ಇದ್ದರೆ ಮಾತ್ರ ಬೋರಾಕ್ಸ್, ಅದೂ ಎಕರೆಗೆ 2 ಕಿಲೊ ಮೀರದಂತೆ. ಬೋರಾನ್ ಇಲ್ಲದಿದ್ದರೆ ಪರಾಗ ಬಲಿಯದೆ ತೆನೆ ಜೊಳ್ಳಾಗುತ್ತದೆ, ಹೆಚ್ಚಾದರೆ ಅದೇ ವಿಷ.

ತಳಗೊಬ್ಬರದ ಲೆಕ್ಕ ಹೀಗೆ. ಸಕಾಲದಲ್ಲಿ ಬಿತ್ತಿದ ನೀರಾವರಿ ಗೋಧಿಗೆ ನಮ್ಮ ವಲಯದಲ್ಲಿ ಹೆಕ್ಟೇರಿಗೆ 120:60:40 ಎಂಬ ಪ್ರಮಾಣ ಬಳಕೆಯಲ್ಲಿದೆ. ಎಕರೆಗೆ ಇಳಿಸಿದರೆ 48 ಕಿಲೊ ಸಾರಜನಕ, 24 ಕಿಲೊ ರಂಜಕ, 16 ಕಿಲೊ ಪೊಟ್ಯಾಶ್. ಚೀಲದ ಭಾಷೆಯಲ್ಲಿ ಒಂದು ಚೀಲ ಡಿಎಪಿ, ಎರಡು ಚೀಲಕ್ಕೆ ತುಸು ಕಡಿಮೆ ಯೂರಿಯಾ, ಅರ್ಧ ಚೀಲ ಪೊಟ್ಯಾಶ್. ಜವೆ ಗೋಧಿಗೆ, ಅಂದರೆ ಕಪ್ಲಿಗೆ, ಇದರ ಅರ್ಧ ಸಾಕು. ಹೆಚ್ಚು ಕೊಟ್ಟರೆ ಎತ್ತರದ ಹಳೆಯ ತಳಿಗಳು ನೆಲಕ್ಕೆ ಮಲಗುತ್ತವೆ, ಡಿಡಿಕೆ ಸರಣಿಯ ಗಿಡ್ಡ ತಳಿಗಳು ಅಷ್ಟು ಬೇಗ ಬೀಳುವುದಿಲ್ಲ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಬೇಸಾಯ ಕ್ರಮದ ಪುಸ್ತಕದಲ್ಲಿ ನಿಮ್ಮ ತಳಿಗೆ, ನಿಮ್ಮ ಭಾಗಕ್ಕೆ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ.

ಯೂರಿಯಾವನ್ನು ಒಂದೇ ಸಲ ಹಾಕಬೇಡಿ. ಬಿತ್ತುವಾಗ ಮೂರನೇ ಒಂದರಿಂದ ಅರ್ಧದಷ್ಟು, ಉಳಿದದ್ದರಲ್ಲಿ ಹೆಚ್ಚಿನ ಪಾಲು 20ನೇ ದಿನದ ಆಸುಪಾಸಿನ ಮೊದಲ ನೀರಿನ ಜೊತೆ. ಗೋಧಿಗೆ ಮುಕುಟ ಬೇರು ಇಳಿಯುವ ಕಾಲ ಅದು. ಆ ನೀರು ತಪ್ಪಿದರೆ ತೆಂಡೆಯೇ ಬರುವುದಿಲ್ಲ, ಮುಂದೆ ಏನು ಸಿಂಪಡಿಸಿದರೂ ಇಲ್ಲದ ತೆನೆಯಲ್ಲಿ ಕಾಳು ತುಂಬದು. ಒಣ ನೆಲದ ಮೇಲೆ ಯೂರಿಯಾ ಎರಚಿ ಮಳೆಗೆ ಕಾಯುವುದೂ ತಪ್ಪು. ರಸಸಾರ ಏರಿದ ಎರೆಯಲ್ಲಿ ಅದು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ.

ಎಲೆಗೆ ಕೊಡುವುದು ಯಾವಾಗ, ಏಕೆ

ಸಿಂಪರಣೆ ನಿಜಕ್ಕೂ ಗೆಲ್ಲುವ ಸಂದರ್ಭಗಳು ನಾಲ್ಕು ಎಂದು ನನ್ನ ಅನಿಸಿಕೆ.

ಮೊದಲನೆಯದು ಮಳೆಯಾಶ್ರಿತ ಎರೆ ಹೊಲ. ಹಿಂಗಾರಿಯಲ್ಲಿ ಮೇಲ್ಮಣ್ಣು ಒಣಗಿ ಬೇರು ಕೆಳಗಿನ ತೇವವನ್ನು ಹುಡುಕಿಕೊಂಡು ಇಳಿದಿರುತ್ತದೆ. ಮೇಲೆ ಹಾಕಿದ ಮೇಲುಗೊಬ್ಬರ ಅಲ್ಲೇ ಬಿದ್ದಿರುತ್ತದೆ. ಇಂಥಲ್ಲಿ ತೆಂಡೆ ಒಡೆಯುವಾಗ ಒಮ್ಮೆ, ಹೊಡೆ ತುಂಬುವಾಗ ಒಮ್ಮೆ ಶೇ 2ರ ಯೂರಿಯಾ ಅಥವಾ ಡಿಎಪಿ ದ್ರಾವಣ ಹೊಡೆಯುವುದು ಬುದ್ಧಿವಂತಿಕೆ. ಡಿಎಪಿಯನ್ನು ಹಿಂದಿನ ರಾತ್ರಿ ನೆನೆಹಾಕಿ ಮೇಲಿನ ತಿಳಿಯನ್ನು ಮಾತ್ರ ಬಟ್ಟೆಯಲ್ಲಿ ಸೋಸಿಕೊಳ್ಳಿ, ಇಲ್ಲವಾದರೆ ನಾಜಲ್ ಕಟ್ಟಿಕೊಂಡು ಅರ್ಧ ದಿನ ಹೋಗುತ್ತದೆ.

ಎರಡನೆಯದು ಬೆಳೆ ನಿಂತ ಮೇಲೆ ಕಂಡ ಸತು, ಕಬ್ಬಿಣದ ಕೊರತೆ. ಎಲೆ ಹಳದಿಯಾಯಿತು ಎಂದ ಕೂಡಲೇ ಯೂರಿಯಾ ಸುರಿಯುವ ಮೊದಲು ಯಾವ ಎಲೆ ಎಂದು ನೋಡಿ. ಕೆಳಗಿನ ಹಳೆಯ ಎಲೆ ತುದಿಯಿಂದ ಹಳದಿಯಾಗುತ್ತಿದ್ದರೆ ಸಾರಜನಕ. ಹೊಸ ಎಲೆ ಪೂರ್ತಿ ತಿಳಿಹಳದಿಯಾಗಿದ್ದರೆ ಗಂಧಕ. ಹೊಸ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಪಟ್ಟೆ ಇದ್ದರೆ ಕಬ್ಬಿಣ. ನಡುವಿನ ಎಲೆಗಳಲ್ಲಿ ಮಾಸಲು ಬಿಳಿ ಕಲೆ ಎದ್ದು, ಎಲೆ ಅರ್ಧಕ್ಕೆ ಬಾಗಿ ಮುರಿದಂತೆ ಕಂಡರೆ ಸತು.

ಸತುವಿನ ದ್ರಾವಣ ಮಾಡುವ ಬಗೆಯನ್ನು ಬಿಡಿಸಿ ಹೇಳುತ್ತೇನೆ, ಎಡವುವವರು ಹೆಚ್ಚು. ಒಂದು ಎಕರೆಗೆ 200 ಲೀಟರ್ ನೀರು, 1 ಕಿಲೊ ಸತುವಿನ ಸಲ್ಫೇಟ್, ಅರ್ಧ ಕಿಲೊ ಸುಡುಸುಣ್ಣ. ಸುಣ್ಣವನ್ನು ಹಿಂದಿನ ಸಂಜೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ನೆನೆಸಿಡಿ. ಕುದಿದು ತಣ್ಣಗಾದ ಮೇಲೆ ಮರುದಿನ ಮೇಲಿನ ತಿಳಿಯನ್ನು ದಪ್ಪ ಬಟ್ಟೆಯಲ್ಲಿ ಸೋಸಿ. ಸತುವನ್ನು ಬೇರೆ ನೀರಿನಲ್ಲಿ ಕರಗಿಸಿಕೊಂಡು ಎರಡನ್ನೂ ದೊಡ್ಡ ಡ್ರಮ್ಮಿನ ನೀರಿಗೆ ಒಂದಾದ ಮೇಲೊಂದು ಸುರಿದು ಕೋಲಿನಿಂದ ತಿರುವಿ. ಸುಣ್ಣ ಏಕೆಂದರೆ ಸತುವಿನ ದ್ರಾವಣ ಹುಳಿ, ಬರೀ ಅದನ್ನೇ ಹೊಡೆದರೆ ಎಲೆ ಸುಡುತ್ತದೆ. ಸುಣ್ಣದ ರಗಳೆ ಬೇಡವೆನ್ನುವವರು ಅದರ ಬದಲು 4 ಕಿಲೊ ಯೂರಿಯಾ ಸೇರಿಸಬಹುದು. 15 ದಿನದ ಅಂತರದಲ್ಲಿ ಎರಡು ಸಲ. ಕಬ್ಬಿಣಕ್ಕಾದರೆ ಶೇ 0.5ರ ಅನ್ನಭೇದಿ ದ್ರಾವಣ, ಜೊತೆಗೆ ಚೂರು ಸಿಟ್ರಿಕ್ ಆಮ್ಲ. ಅನ್ನಭೇದಿ ತಿಳಿಹಸಿರಾಗಿ ಇರಬೇಕು. ಅಂಗಡಿಯವರು ಕೊಟ್ಟದ್ದು ಕಂದು ಬಣ್ಣಕ್ಕೆ ತಿರುಗಿದ್ದರೆ ಅದು ತುಕ್ಕು, ವಾಪಸ್ ಕೊಡಿ. ಎರೆ ಮಣ್ಣಿಗೆ ಅನ್ನಭೇದಿ ಸುರಿಯುವುದಕ್ಕಿಂತ ಎಲೆಗೆ ಹೊಡೆಯುವುದೇ ಲೇಸು. ಸುಣ್ಣದಂಶದ ನೆಲದಲ್ಲಿ ಅದು ಕೆಲವೇ ದಿನದಲ್ಲಿ ಕರಗದ ರೂಪಕ್ಕೆ ಹೋಗುತ್ತದೆ.

ಮೂರನೆಯದು ಬಿಸಿಲು. 2022ರ ಮಾರ್ಚ್‌ನಲ್ಲಿ ಉತ್ತರ ಭಾರತದಲ್ಲಿ ಅಕಾಲಕ್ಕೆ ಏರಿದ ಕಾವು ಕಾಳನ್ನು ಸೊರಗಿಸಿತು, ಮೇ 13ರಂದು ಕೇಂದ್ರ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು. ಅಲ್ಲಿಂದೀಚೆಗೆ ಪೊಟ್ಯಾಶಿಯಂ ನೈಟ್ರೇಟ್ ಮಾತು ಎಲ್ಲ ಕಡೆ ಕೇಳುತ್ತದೆ. ಪೊಟ್ಯಾಶ್ ಎಲೆಯ ರಂಧ್ರಗಳನ್ನು ತೆರೆದು ಮುಚ್ಚುವ ಕೆಲಸಕ್ಕೆ ಬೇಕು, ಎಲೆಯಲ್ಲಿ ತಯಾರಾದ ಸಕ್ಕರೆ ಕಾಳಿಗೆ ಸಾಗಲೂ ಬೇಕು. 13:0:45 ಅನ್ನು 200 ಲೀಟರಿಗೆ 4 ಕಿಲೊ ಕರಗಿಸಿ ಹೊಡೆ ಹಂತದಲ್ಲಿ ಒಮ್ಮೆ, ಹೂ ಬಿಟ್ಟಾಗ ಒಮ್ಮೆ ಹೊಡೆಯಿರಿ. ಅದು ದುಬಾರಿ ಎನಿಸಿದರೆ ಸಾಮಾನ್ಯ ಮ್ಯುರೇಟ್ ಆಫ್ ಪೊಟ್ಯಾಶ್ 400 ಗ್ರಾಂ ಅಷ್ಟೇ ನೀರಿಗೆ. ನಮ್ಮಲ್ಲಿ ಹೊಡೆ ಹಂತ 50–55ನೇ ದಿನಕ್ಕೇ ಬಂದುಬಿಡಬಹುದು. ಉತ್ತರದ ವಿಡಿಯೊ ನೋಡಿ 80ನೇ ದಿನಕ್ಕೆ ಕಾಯುತ್ತ ಕೂತರೆ ಕಾಳು ಗಟ್ಟಿಯಾಗಿರುತ್ತದೆ. ತಾರೀಕು ನೋಡದೆ ತೆನೆ ನೋಡಿ ಪಂಪು ಹೊರಿ. ಇನ್ನೊಂದು ಮಾತು. ಡಿಸೆಂಬರಿನಲ್ಲಿ ಬಿತ್ತಿದ ಗೋಧಿಯನ್ನು ಬಿಸಿಲಿನಿಂದ ಉಳಿಸುವ ಸಿಂಪರಣೆ ಇನ್ನೂ ಬಂದಿಲ್ಲ. ನವೆಂಬರ್ ಮೊದಲ ಪಕ್ಷದಲ್ಲಿ ಬಿತ್ತುವುದೇ ಆ ಔಷಧ.

ಕಾಳಿನ ಗುಣ

ನಾಲ್ಕನೆಯದು ಗುಣಮಟ್ಟ. ಶಾವಿಗೆ, ರವೆಗೆ ಹೋಗುವ ಡ್ಯೂರಮ್ ಗೋಧಿಯನ್ನು ವ್ಯಾಪಾರಿ ಹೇಗೆ ನೋಡುತ್ತಾನೆ ಗಮನಿಸಿ. ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ಬೆಳಕಿಗೆ ಹಿಡಿಯುತ್ತಾನೆ, ಒಂದನ್ನು ಹಲ್ಲಿನಲ್ಲಿ ಕಟ್ ಎನಿಸಿ ಒಳಗಡೆ ನೋಡುತ್ತಾನೆ. ಒಳಗೆ ಗಾಜಿನಂತೆ ಹೊಳೆಯಬೇಕು. ಬದಲಿಗೆ ಹಿಟ್ಟುಹಿಟ್ಟಾದ ತಿಳಿಹಳದಿ ಮಚ್ಚೆ ಕಂಡರೆ ದರ ಇಳಿಯಿತು. ಆ ಕಾಳು ಗಿರಣಿಯಲ್ಲಿ ರವೆಯಾಗದೆ ಹಿಟ್ಟಾಗುತ್ತದೆ. ತಳಿಯ ಗುಣ, ಕೊನೆಯಲ್ಲಿ ಬಿದ್ದ ಮಳೆ ಕೂಡ ಇದಕ್ಕೆ ಕಾರಣವಾದರೂ ದೊಡ್ಡ ಕಾರಣ ಕಾಳು ತುಂಬುವಾಗ ಸಾರಜನಕ ಸಾಲದೆ ಹೋದದ್ದು. ಡ್ಯೂರಮ್ ಬೆಳೆಯುವವರು ಯೂರಿಯಾದ ಮೂರನೇ ಒಂದು ಭಾಗವನ್ನು ಹೊಡೆ ಹಂತದ ನೀರಿಗೆ ಉಳಿಸಿಕೊಳ್ಳುವುದು ಒಳ್ಳೆಯದು. ಜೊತೆಗೆ ಹೂ ಬಿಟ್ಟು ವಾರದೊಳಗೆ ಶೇ 2ರಿಂದ 3ರ ಯೂರಿಯಾ ಸಿಂಪರಣೆ. ಇಷ್ಟು ತಡವಾಗಿ ಕೊಟ್ಟದ್ದು ಇಳುವರಿಯನ್ನು ಹೆಚ್ಚಿಸುವುದು ಕಡಿಮೆ, ನೇರವಾಗಿ ಪ್ರೋಟೀನ್ ಆಗಿ ಕಾಳಿಗೆ ಇಳಿಯುತ್ತದೆ.

ಹಾಗಾದರೆ ಎಲ್ಲರೂ ಇದನ್ನು ಮಾಡಬೇಕೆ? ನನ್ನ ಉತ್ತರ ಇಲ್ಲ. ಸರ್ಕಾರಿ ಖರೀದಿಯ ಮಾನದಂಡದಲ್ಲಿ ತೇವಾಂಶ, ಕಸ, ಸುರುಟಿದ ಕಾಳಿನ ಲೆಕ್ಕವಿದೆ, ಪ್ರೋಟೀನಿನ ಲೆಕ್ಕವಿಲ್ಲ. ಎಪಿಎಂಸಿಯಲ್ಲಿ ಚೀಲ ಸುರಿದು ಬರುವವರಿಗೆ ಕೊನೆಯ ಯೂರಿಯಾ ಸಿಂಪರಣೆಯ ಕೂಲಿ ಹುಟ್ಟುವುದು ಕಷ್ಟ. ಶಾವಿಗೆ, ರವೆ ಗಿರಣಿಗೆ ನೇರವಾಗಿ ಕೊಡುವವರು, ಕಪ್ಲಿಯನ್ನು ಹುಗ್ಗಿಗೆ, ಮಾದಲಿಗೆ ಎಂದು ಊರಿನ ಗಿರಾಕಿಗಳಿಗೆ ಮಾರುವವರು, ಬೀಜೋತ್ಪಾದಕರು — ಇವರಿಗೆ ಲಾಭ ಇದೆ. ಮನೆ ಊಟಕ್ಕೆ ಬೆಳೆಯುವವರು ಹಾಲುಗಾಳು ಹಂತದಲ್ಲಿ ಒಮ್ಮೆ ಸತುವಿನ ಸಿಂಪರಣೆ ಮಾಡಲಿ. ನೆಲಕ್ಕೆ ಹಾಕಿದ ಸತು ಇಳುವರಿಗೆ ನೆರವಾಗುತ್ತದೆ, ಕಾಳಿನೊಳಗಿನ ಸತು ಹೆಚ್ಚಬೇಕಾದರೆ ತೆನೆ ಬಂದ ಮೇಲಿನ ಎಲೆ ಸಿಂಪರಣೆಯೇ ಪರಿಣಾಮಕಾರಿ. ತಳಿಯಲ್ಲೇ ಆ ಗುಣ ಬೇಕೆನ್ನುವವರಿಗೆ ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆ ಕೊಟ್ಟ ಎಂಎಸಿಎಸ್ 4028 ಇದೆ. ಶೇ 14.7 ಪ್ರೋಟೀನ್, 40.3 ಪಿಪಿಎಂ ಸತು ಇರುವ ಡ್ಯೂರಮ್ ಅದು.

ಪಂಪು ಹೊರುವ ಮುನ್ನ

ಸಂಜೆ ನಾಲ್ಕರ ಮೇಲೆ ಅಥವಾ ಇಬ್ಬನಿ ಆರಿದ ಬೆಳಗಿನ ಹೊತ್ತು ಒಳ್ಳೆಯದು. ಮಟಮಟ ಮಧ್ಯಾಹ್ನ ಹೊಡೆದರೆ ಹನಿ ಎಲೆಯ ಮೇಲೇ ಒಣಗಿ ತುದಿ ಸುಡುತ್ತದೆ. ತೆನೆಯ ಕೆಳಗಿನ ಕೊನೆಯ ಎಲೆಯನ್ನು ಸುಟ್ಟುಕೊಂಡರೆ ಕಾಳು ತುಂಬುವ ಕೈಯನ್ನೇ ಕಡಿದಂತೆ. 16 ಲೀಟರಿನ ಪಂಪಿಗೆ ಶೇ 2 ಎಂದರೆ 320 ಗ್ರಾಂ. ಎಕರೆಗೆ ಹನ್ನೆರಡು ಹದಿಮೂರು ಪಂಪು ಬೇಕು. ಆರು ಪಂಪಿನಲ್ಲಿ ಎಕರೆ ಮುಗಿಸಿ, ಗೊಬ್ಬರವನ್ನು ಮಾತ್ರ ಪೂರ್ತಿ ಹಾಕುವ ಕೂಲಿಯವರಿಂದಲೇ ಅರ್ಧ ಹೊಲ ಸುಡುವುದು. ಕಳೆನಾಶಕ ಹೊಡೆದ ಪಂಪನ್ನು ತೊಳೆಯದೆ ಮುಟ್ಟಬೇಡಿ.

ಭಂಡಾರ ರೋಗದ ಔಷಧ, ಹೇನಿನ ಔಷಧ, ಸತು, 19:19:19 ಎಲ್ಲವನ್ನೂ ಒಂದೇ ಡ್ರಮ್ಮಿಗೆ ಸುರಿಯುವ ಆಸೆ ಸಹಜ. ಮೊದಲು ಒಂದು ಲೀಟರ್ ಬಾಟಲಿಯಲ್ಲಿ ಅದೇ ಪ್ರಮಾಣದಲ್ಲಿ ಬೆರೆಸಿ ಅರ್ಧ ತಾಸು ಇಡಿ. ಮೊಸರೊಡೆದಂತಾದರೆ, ಗಸಿ ಇಳಿದರೆ, ಬಾಟಲಿ ಬಿಸಿಯಾದರೆ ಆ ಮಿಶ್ರಣ ಬೇಡ. ಸತುವಿನ ಜೊತೆ ರಂಜಕ ಇರುವ ಯಾವುದನ್ನೂ ಕಲಸಬೇಡಿ. ಸಾರಜನಕ ಅತಿಯಾದ ಹಚ್ಚಹಸಿರು ಗೋಧಿಗೆ ಭಂಡಾರ ರೋಗವೂ ಬೇಗ ತಗಲುತ್ತದೆ, ‘ಪೈರು ಕಪ್ಪಗೆ ಬಂದೈತಿ’ ಎಂದು ಹಿಗ್ಗುವ ಮೊದಲು ಎಲೆಯ ಮೇಲೆ ಬೆರಳಾಡಿಸಿ ಅರಿಷಿಣದ ಪುಡಿ ಹತ್ತುತ್ತದೆಯೇ ನೋಡಿ.

ಹ್ಯೂಮಿಕ್ ಆಮ್ಲ, ಕಡಲಪಾಚಿಯ ಸಾರ, ಹೆಸರೇ ಬರೆಯದ ‘ಟಾನಿಕ್’ಗಳ ಸರದಿ ಎಲ್ಲಕ್ಕಿಂತ ಕೊನೆಗೆ. ಮಣ್ಣು ಪರೀಕ್ಷೆ, ತಿಪ್ಪೆ ಗೊಬ್ಬರ, ಸತು, ಸಕಾಲದ ಬಿತ್ತನೆ, 20ನೇ ದಿನದ ನೀರು — ಇಷ್ಟಾದ ಮೇಲೂ ಜೇಬಿನಲ್ಲಿ ದುಡ್ಡು ಉಳಿದಿದ್ದರೆ ಆಗ ಯೋಚಿಸಿ. ಬಾಟಲಿಯ ಮೇಲೆ ಏನು ಎಷ್ಟಿದೆ ಎಂದು ಬರೆದಿರದಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಯಾರ ಮಾತನ್ನೂ, ಈ ಲೇಖನವನ್ನೂ ಸೇರಿಸಿ, ಪೂರ್ತಿ ನಂಬಬೇಕಿಲ್ಲ. ಏನನ್ನೇ ಹೊಡೆದರೂ ಹೊಲದ ನಡುವೆ ಎಂಟು ಸಾಲು ಹೊಡೆಯದೆ ಬಿಡಿ, ಎರಡೂ ಬದಿಗೆ ಗೂಟ ನೆಡಿ. ಕೊಯ್ಲಿನ ದಿನ ಹೊಡೆದ ಕಡೆ ಮೂರು ಜಾಗ, ಬಿಟ್ಟ ಕಡೆ ಮೂರು ಜಾಗ, ತಲಾ ಒಂದು ಮೀಟರ್ ಚೌಕ ಕೊಯ್ದು ಬೇರೆ ಬೇರೆ ಬಡಿದು ತೂಗಿ. ಚೌಕಕ್ಕೆ 25 ಗ್ರಾಂ ಹೆಚ್ಚು ಬಂದರೆ ಎಕರೆಗೆ ಒಂದು ಕ್ವಿಂಟಲ್ ಹೆಚ್ಚು ಬಂದಂತೆ. ಆ ಕ್ವಿಂಟಲಿನ ಬೆಲೆಯಿಂದ ಗೊಬ್ಬರ ಮತ್ತು ಆಳಿನ ಖರ್ಚು ಕಳೆಯಿರಿ. ಏನೂ ಉಳಿಯದಿದ್ದರೆ ಮುಂದಿನ ಹಿಂಗಾರಿಗೆ ಆ ಬಾಟಲಿ ಕೊಳ್ಳಬೇಡಿ.